ಸರ್ವರ್‌ಗೆ ಗಣಿತ ತುಂಬಿದ ದಿನ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆಯ ಸರ್ಕಾರಿ ಹೈಸ್ಕೂಲುಗಳ ಕಂಪ್ಯೂಟರ್ ಕೋಣೆಯ ಬೀಗಗಳ ಸ್ವಭಾವ ನನಗೆ ಗೊತ್ತಿರುವಷ್ಟು ಬೀಗ ಮಾರುವವರಿಗೂ ಗೊತ್ತಿರಲಿಕ್ಕಿಲ್ಲ. ಅಜ್ಜಂಪುರದ ಕಡೆ ಒಂದು ಶಾಲೆಯಲ್ಲಿ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಹಿಡಿದರೆ ಮಾತ್ರ ಕೀಲಿ ತಿರುಗುತ್ತದೆ. ತರೀಕೆರೆಯ ಹತ್ತಿರದ ಇನ್ನೊಂದರಲ್ಲಿ ಬೀಗದಕೈ ಬಿಸಿಯೂಟದ ಅಡುಗೆಮನೆಯಲ್ಲಿ, ಸೌಟುಗಳ ಪಕ್ಕದ ಮೊಳೆಗೆ ನೇತುಬಿದ್ದಿರುತ್ತದೆ. ಕೆಮ್ಮಣ್ಣುಗುಂಡಿ ರಸ್ತೆಯ ಒಂದು ಶಾಲೆಯಲ್ಲಂತೂ ಬೀಗವೇ ಇಲ್ಲ. ಕಂಪ್ಯೂಟರ್‌ಗಳ ಮೇಲೆ ಒಂದು ಹಳೆಯ ಸೀರೆ ಹೊದಿಸಿ ಹೋಗುತ್ತಾರೆ, ಅಷ್ಟೇ.

ಶಾಲೆಗಳಿಗೆ ಕಂಪ್ಯೂಟರ್ ಪಾಠ ಒದಗಿಸುವ ಒಂದು ಸಂಸ್ಥೆಯ ಪರವಾಗಿ ಈ ಕೋಣೆಗಳಿಗೆ ಹೋಗಿ ಸರ್ವರ್‌ಗೆ ಪಾಠ ತುಂಬಿ ಬರುವುದು ನನ್ನ ಕೆಲಸ. ಸರ್ವರ್ ಎಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಒಂದು ಕಪ್ಪು ಡಬ್ಬ, ಅದಕ್ಕೆ ತಂತಿಯಲ್ಲಿ ಸೇರಿಸಿದ ಏಳೆಂಟು ಪರದೆಗಳು. ಇಂಟರ್‌ನೆಟ್ ಸರಿಯಾಗಿ ಬಾರದ ಶಾಲೆಗಳಲ್ಲಿ ಪಾಠಗಳೆಲ್ಲ ಆ ಡಬ್ಬದ ಹೊಟ್ಟೆಯಲ್ಲೇ ಇರಬೇಕು. ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ, ಗಣಿತ ಎಲ್ಲವೂ ಕನ್ನಡದಲ್ಲಿ ನನ್ನ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್‌ನೊಳಗೆ ಇರುತ್ತಿತ್ತು. ಅದನ್ನು ನಾನು ಶಾಲೆಯಲ್ಲಿ ಬಳಸಿದ್ದ ಹಳೇ ಜಾಮಿಟ್ರಿ ಬಾಕ್ಸಿನೊಳಗೆ ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಚುಚ್ಚು, ತುಂಬು, ಪರೀಕ್ಷಿಸು, ಸಹಿ ಹಾಕಿಸಿಕೊ, ಬಸ್ ಹಿಡಿ. ದಿನಕ್ಕೆ ಒಂದು ಶಾಲೆ, ಬಸ್ಸಿನ ವೇಳೆ ಕೂಡಿಬಂದರೆ ಎರಡು.

ಕೆಲಸದಲ್ಲಿ ನಾನು ಗಟ್ಟಿಗಿತ್ತಿ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ತರೀಕೆರೆಯಲ್ಲಿ ಅಬ್ಬಾ, ಅಂದರೆ ನನ್ನ ಅಪ್ಪ, ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದರು. ಅವರ ಅಂಗಡಿಯ ಮೇಜಿನ ಕೆಳಗೆ ಕೂತು ಹೋಂವರ್ಕ್ ಬರೆದು ಬೆಳೆದವಳು ನಾನು. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಬೆಸುಗೆ ಹಾಕುವುದನ್ನು ಕಲಿತಿದ್ದೆ. ಯಾರಾದರೂ ಸೆಟ್ ತಂದಿಟ್ಟರೆ ನನಗೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಅವಸರ. ಅಬ್ಬಾ ನನ್ನ ಕೈಯಿಂದ ಅದನ್ನು ಕಸಿದು ಟಾರ್ಚು ಕೊಡುತ್ತಿದ್ದರು. "ಪೈಲೆ ದೇಕ್" ಎನ್ನುತ್ತಿದ್ದರು. ಮೊದಲು ನೋಡು ಎಂದು. ಟಾರ್ಚು ಬಿಟ್ಟು ನೋಡಿದರೆ ಒಳಗೆ ಜಿರಳೆಯೋ, ಹಲ್ಲಿಯ ಮೊಟ್ಟೆಯೋ, ತುಂಡಾದ ತಂತಿಯೋ ಕಾಣುತ್ತಿತ್ತು. ಆ ಟಾರ್ಚಿನ ಪಾಠವನ್ನು ನಾನು ಪೂರ್ತಿ ಕಲಿಯಲಿಲ್ಲ ಎಂಬುದು ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗೊತ್ತಾಯಿತು.

ಅವತ್ತು ಶುಕ್ರವಾರ. ಆಯುಧಪೂಜೆ ಮುಗಿದು ಒಂದು ತಿಂಗಳಾಗಿತ್ತು. ಬಸ್ಸಿಳಿದು ಶಾಲೆಗೆ ಹೋದಾಗ ಕಂಪ್ಯೂಟರ್ ಕೋಣೆಯ ಬೀಗ ತೆಗೆಯಲು ಬಂದವರು ಪಿ.ಟಿ. ಮೇಷ್ಟ್ರು, ಅಂದರೆ ಆಟದ ಮೇಷ್ಟ್ರು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು. ಕಂಪ್ಯೂಟರ್ ಕೋಣೆಯ ಜವಾಬ್ದಾರಿಯೂ ಅವರದೇ ಎಂದು ಹೆಡ್‌ಮಿಸ್ಟ್ರೆಸ್ ಮೇಡಂ ಹೇಳಿದರು. ಇಂಥದ್ದು ನನಗೆ ಹೊಸದಲ್ಲ. ಯಾರೂ ಬೇಡ ಅಂದದ್ದೆಲ್ಲ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರ ಪಾಲಿಗೇ ಬರುತ್ತದೆ.

ಕೋಣೆ ಅಚ್ಚುಕಟ್ಟಾಗಿತ್ತು. ಕಳ್ಳರ ಭಯಕ್ಕೆ ಸರ್ವರ್ ಅನ್ನು ಗೋಡೆಗೆ ಹೊಡೆದ ಒಂದು ಕಬ್ಬಿಣದ ಪಂಜರದೊಳಗೆ ಇಟ್ಟಿದ್ದರು. ಪಂಜರದ ಕೀಲಿ ಹಿಂದಿನ ಹೆಡ್‌ಮಾಸ್ಟರ ಜೊತೆ ವರ್ಗವಾಗಿ ಹೋಗಿತ್ತಂತೆ. ಹಾಗಾಗಿ ಡಬ್ಬದ ಹಿಂಭಾಗಕ್ಕೆ ಕೈ ಹೋಗುವಂತಿರಲಿಲ್ಲ. ಸರಳುಗಳ ಸಂದಿನಿಂದ ಮುಂಭಾಗ ಮಾತ್ರ ಸಿಗುತ್ತಿತ್ತು. ಅಲ್ಲಿ ಸ್ವಿಚ್ಚು, ಅದರ ಕೆಳಗೆ ಪೆನ್‌ಡ್ರೈವ್ ಚುಚ್ಚುವ ಎರಡು ಕಿಂಡಿ. ಸರಳಿಗೆ ಒಣಗಿದ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು. ಅದನ್ನು ನಾನು ಬೆರಳಲ್ಲಿ ಕಿತ್ತು ಹಾಕಿದ್ದು ಈಗಲೂ ನೆನಪಿದೆ. ಕಿತ್ತು ಹಾಕಿದೆನೇ ಹೊರತು ಅದು ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಲಿಲ್ಲ.

ನಾನು ಜಾಮಿಟ್ರಿ ಬಾಕ್ಸ್ ತೆರೆಯುವಾಗ ಮೇಷ್ಟ್ರು ಬಗ್ಗಿ ನೋಡಿದರು.

"ಹತ್ತನೇ ಕ್ಲಾಸಿನ ಗಣಿತ ಐತಾ ಮೇಡಂ ಇದ್ರಲ್ಲಿ?"

"ನಿಮಗ್ಯಾಕೆ ಸಾರ್ ಗಣಿತ? ಕಬಡ್ಡಿ ಪಾಯಿಂಟ್ ಎಣಿಸೋಕಾ?" ಎಂದು ನಕ್ಕೆ.

ಅವರು ನಗಲಿಲ್ಲ. "ಎಲ್ಲಾ ಪಾಠನೂ ಐತಾ, ಇಲ್ಲ ಬರೀ ಅರ್ಧನಾ?" ಎಂದು ಇನ್ನೊಮ್ಮೆ ಕೇಳಿದರು. ಎಲ್ಲವೂ ಇದೆ, ಲೆಕ್ಕಗಳ ಸಮೇತ ಇದೆ, ಬೇಕಾದರೆ ಒಂದೇ ಪಾಠವನ್ನು ಹತ್ತು ಸಲ ತಿರುಗಿಸಿ ನೋಡಬಹುದು, ಕೊನೆಗೆ ಪರೀಕ್ಷೆಯೂ ಇದೆ ಎಂದೆ. ಅವರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು, ದೇವರ ಮುಂದೆ ನಿಂತಂತೆ ಕೈಕಟ್ಟಿ ನಿಂತರು.

ಪೆನ್‌ಡ್ರೈವ್ ಚುಚ್ಚಿದೆ. ಅದರ ತುದಿಯ ಪುಟ್ಟ ದೀಪ ಹತ್ತಲಿಲ್ಲ. ಪಕ್ಕದ ಕಿಂಡಿಗೆ ಚುಚ್ಚಿದೆ, ಅಲ್ಲೂ ಇಲ್ಲ. ಸರ್ವರ್ ಆರಿಸಿ ಮತ್ತೆ ಹಚ್ಚಿದೆ. ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ಪಾಠಗಳೆಲ್ಲ ಸಾಲಾಗಿ ಬಂದು ನಿಂತವು. ಮತ್ತೆ ಸರ್ವರ್‌ಗೆ ಹಾಕಿದರೆ ಸುದ್ದಿಯೇ ಇಲ್ಲ. ಒಂದು ಗಂಟೆ ಹೀಗೇ ಗುದ್ದಾಡಿದೆ. ಕಡೂರಿಗೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತು. ನನಗೆ ಸಿಟ್ಟು ಬಂದರೆ ತೀರ್ಮಾನ ಬೇಗ ಬರುತ್ತದೆ. ಪೆನ್‌ಡ್ರೈವ್ ಚೆನ್ನಾಗಿದೆ, ಕಿಂಡಿ ಎರಡೂ ಸತ್ತಿವೆ, ಎಂದ ಮೇಲೆ ಒಳಗಿನ ಬೋರ್ಡೇ ಹೋಗಿದೆ. ಲೆಕ್ಕ ಅಷ್ಟು ಸರಳವಾಗಿ ಕಂಡಿತು.

ಫಾರಂ ತೆಗೆದು ಬರೆದೆ: ಸರ್ವರ್ ದೋಷಪೂರಿತ, ಹಿಂದಕ್ಕೆ ಪಡೆಯಲು ಶಿಫಾರಸು ಮಾಡಿದೆ. ಹೆಡ್‌ಮಿಸ್ಟ್ರೆಸ್ ಮೇಡಂ ಓದಿ, "ಹೋದ್ರೆ ಹೋಗ್ಲಿ ಬಿಡಮ್ಮ, ಕಾಯೋ ತಲೆನೋವಾದ್ರೂ ತಪ್ಪುತ್ತೆ" ಎನ್ನುತ್ತಾ ಸಹಿ ಮಾಡಿ ಸೀಲು ಒತ್ತಿದರು. ಒಂದು ಪ್ರತಿ ಅವರಿಗೆ, ಒಂದು ನನಗೆ. ಹಾಗೆ ಹಿಂದಕ್ಕೆ ಹೋದ ಯಂತ್ರ ಮರಳಿ ಅದೇ ಶಾಲೆಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಅದು ನನಗೆ ಗೊತ್ತಿತ್ತು. ಪಿ.ಟಿ. ಮೇಷ್ಟ್ರಿಗೂ ಗೊತ್ತಿತ್ತು ಅನ್ನಿಸುತ್ತದೆ, ಯಾಕೆಂದರೆ ನಾನು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವರು ಹಿಂದೆಯೇ ಓಡಿಬಂದರು. ಓಡುವುದು ಅವರಿಗೆ ಕಷ್ಟವಲ್ಲ. ಆದರೂ ಏದುಸಿರು ಬಿಡುತ್ತಿದ್ದರು.

"ಹಂಗಂತ ಬರೀಬ್ಯಾಡಿ ಮೇಡಂ. ಇನ್ನೊಂದ್ಸಲ ನೋಡಿ."

"ಎಷ್ಟು ಸಲ ನೋಡೋದು ಸಾರ್? ಕೆಟ್ಟಿದೆ ಅಂದ್ರೆ ಕೆಟ್ಟಿದೆ."

"ನಮ್ ಶಾಲೇಲಿ ಗಣಿತದ ಮೇಷ್ಟ್ರಿಲ್ಲ ಮೇಡಂ. ಜೂನ್‌ನಾಗೆ ವರ್ಗ ಆಗಿ ಹೋದ್ರು. ಇನ್ನೂ ಯಾರೂ ಬಂದಿಲ್ಲ. ಹತ್ತನೇ ಕ್ಲಾಸಿನ ಗಣಿತ ನನ್ ತಲೆಗೆ ಕಟ್ಟವ್ರೆ. ನಾನು ಎಸ್ಸೆಸ್ಸೆಲ್ಸೀಲಿ ಗಣಿತ ಎರಡನೇ ಸಲಕ್ಕೆ ಪಾಸಾದೋನು."

ಅವರು ರಸ್ತೆಯ ಕಡೆ ನೋಡುತ್ತಾ ಮಾತಾಡಿದರು.

"ಬೋರ್ಡ್ ಮ್ಯಾಲೆ ಲೆಕ್ಕ ಶುರು ಮಾಡಿ ಅರ್ಧಕ್ಕೇ ನಿಂತ್ಬಿಡ್ತೀನಿ. ಮಕ್ಳು ನಗಲ್ಲ ಮೇಡಂ. ನಕ್ಕಿದ್ರೆ ಪರವಾಗಿರ್ಲಿಲ್ಲ. ಪೆನ್ ಹಿಡ್ಕೊಂಡು ಸುಮ್ನೆ ಕಾಯ್ತಾವೆ. ನಾನು ಬರೀತೀನಿ ಅಂತ. ಸೋಮವಾರ ತ್ರಿಕೋನಮಿತಿ ಶುರು ಮಾಡ್ಬೇಕು. ಇದ್ರಲ್ಲಿ ಪಾಠ ಬತ್ತದೆ, ನಾನು ಮೊದ್ಲು ನೋಡಿ ಕಲ್ತು ಆಮ್ಯಾಕೆ ಅವ್ರಿಗೆ ಹೇಳಾನ ಅಂತ ದಸರಾದಿಂದ ಕಾಯ್ತಾ ಇದೀನಿ."

ನನ್ನ ಕಬಡ್ಡಿಯ ಜೋಕು ಆಗ ನನಗೇ ಚುಚ್ಚಿತು. ಆದರೆ ಪಾಪ ಅನ್ನಿಸಿತೆಂದು ಕೆಟ್ಟ ಯಂತ್ರ ಸರಿಹೋಗುತ್ತದೆಯೇ? "ಕೆಟ್ಟಿದ್ದನ್ನ ಕೆಟ್ಟಿದೆ ಅಂತ ಬರೆಯೋದೇ ನನ್ನ ಕೆಲಸ ಸಾರ್" ಎಂದೆ. ಬಸ್ಸು ಬಂತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಇನ್ನೂ ಅಲ್ಲೇ ನಿಂತಿದ್ದರು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ.

ಬಸ್ಸಿನಲ್ಲಿ ಕಂಡಕ್ಟರ್ ಬಂದು, "ಎಲ್ಲಿಗಕ್ಕ?" ಎಂದ. ಕಡೂರು ಎಂದೆ. ಅವನು ಕೈಯಲ್ಲಿನ ಟಿಕೆಟ್ ಮಷೀನು ಒತ್ತಿದ. ಅದು ಗುರ್ ಎಂದು ಸುಮ್ಮನಾಯಿತು. ಮತ್ತೆ ಒತ್ತಿದ. ಕಾಗದ ಅರ್ಧ ಹೊರಬಂದು ಸಿಕ್ಕಿಕೊಂಡಿತು. ಅವನು ಮಷೀನನ್ನು ತೊಡೆಗೆ ಎರಡು ಸಲ ಕುಟ್ಟಿ, ಬಾಯಿಗೆ ಹತ್ತಿರ ತಂದು ಅದರ ಸಂದಿನೊಳಗೆ ಉಫ್ ಎಂದು ಊದಿದ. ಒಳಗಿನಿಂದ ಹಳದಿ ಕೆಂಪು ಪುಡಿ ಹಾರಿ ನನ್ನ ದುಪಟ್ಟಾದ ಮೇಲೆ ಬಿತ್ತು.

"ಶುಕ್ರವಾರ ಬಂದ್ರೆ ಇದೇ ಗೋಳು ಕಣಕ್ಕ" ಎಂದ ಅವನು, ಟಿಕೆಟ್ ಹರಿದುಕೊಡುತ್ತಾ. "ನಮ್ ಡ್ರೈವರಣ್ಣಂಗೆ ಭಕ್ತಿ ಒಂಚೂರು ಜಾಸ್ತಿ. ಸ್ಟೇರಿಂಗಿಗೆ ಹಚ್ಚಿ ಉಳಿದ ಗಂಧ ಕುಂಕುಮ ಎಲ್ಲ ತಂದು ಇದರ ಬಾಯಿಗೆ ಬಳಿದ್ಬಿಡ್ತಾನೆ."

ಟಿಕೆಟಿನ ಅಂಚು ಕೆಂಪಗಾಗಿತ್ತು. ಅದನ್ನೇ ನೋಡಿದೆ. ಚೆಂಡುಹೂವಿನ ಎಸಳು ನೆನಪಾಯಿತು. ಎದ್ದು ನಿಂತೆ.

"ನಿಲ್ಸಿ."

"ಇಲ್ಲಿ ಸ್ಟಾಪಿಲ್ಲ ಕಣಕ್ಕ."

"ನಾನಿಳಿದ್ರೆ ಆಯ್ತಲ್ಲ ಸ್ಟಾಪು. ನಿಲ್ಸಿ."

ತೆಂಗಿನ ತೋಟದ ಬದಿಯಲ್ಲಿ ಇಳಿಸಿ ಬಸ್ಸು ಹೋಯಿತು. ವಾಪಸು ಹೋಗುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಬಂದ ದಾರಿಯಲ್ಲೇ ನಡೆದೆ. ಕೆರೆ ಏರಿ ದಾಟಿ, ರಾಗಿ ಹೊಲಗಳ ಪಕ್ಕದಲ್ಲಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಕಚ್ಚುತ್ತಿರಲು, ದಾರಿಯುದ್ದಕ್ಕೂ ನನ್ನನ್ನು ನಾನೇ ದಖ್ನಿಯಲ್ಲಿ ಬೈದುಕೊಂಡೆ. ಸಿಟ್ಟಿಗೆ ನನಗೆ ಮನೆಯ ಭಾಷೆಯೇ ಬೇಕು. ಬ್ಯಾಗಿನಲ್ಲಿ ಟಾರ್ಚಿತ್ತು. ಫೋನಿನಲ್ಲೂ ಟಾರ್ಚಿತ್ತು. ಒಂದು ಗಂಟೆ ಗುದ್ದಾಡಿದವಳು ಒಂದು ನಿಮಿಷ ಬಗ್ಗಿ ಕಿಂಡಿಯೊಳಗೆ ಬೆಳಕು ಬಿಟ್ಟಿರಲಿಲ್ಲ.

ಶಾಲೆಗೆ ಬಂದಾಗ ಮೈದಾನದಲ್ಲಿ ಖೋ ಖೋ ನಡೆದಿತ್ತು. ಪಿ.ಟಿ. ಮೇಷ್ಟ್ರು ನನ್ನನ್ನು ಕಂಡು ಸೀಟಿ ಊದುವುದನ್ನೇ ಮರೆತರು. ಹುಡುಗಿಯೊಬ್ಬಳು ಔಟಾಗಿಯೂ ಓಡುತ್ತಲೇ ಇದ್ದಳು.

"ಸಾರ್, ಆಯುಧಪೂಜೆಗೆ ಸರ್ವರ್‌ಗೆ ಪೂಜೆ ಮಾಡಿದ್ದು ಯಾರು?"

"ನಾನೇ ಮೇಡಂ. ಯಾಕೆ, ಮಾಡ್ಬಾರ್ದಾಗಿತ್ತಾ?"

"ಗಂಧ ಎಲ್ಲಿ ಹಚ್ಚಿದ್ರಿ?"

ಅವರು ಕೋಣೆಗೆ ಬಂದು ಪಂಜರದೊಳಗೆ ಬೆರಳು ತೂರಿಸಿ ತೋರಿಸಿದರು. ಅದೇ ಎರಡು ಕಿಂಡಿ. "ಅಕ್ಕಪಕ್ಕ ಎರಡು, ಕಣ್ಣಿದ್ದಂಗೆ ಕಾಣ್ತಾವಲ್ಲ. ಬೇರೆಲ್ಲೂ ಜಾಗ ಇರ್ಲಿಲ್ಲ. ಅದಕ್ಕೇ ಅಲ್ಲೇ ಗಂಧ ಇಟ್ಟು, ಮ್ಯಾಲೆ ಕುಂಕುಮ ಇಟ್ಟೆ. ಪಾಠ ಬರೋ ಜಾಗ ಅದು ಅಂತ ಸ್ವಲ್ಪ ಜಾಸ್ತಿನೇ ಇಟ್ಟೆ." ಆಮೇಲೆ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಹೆಡ್‌ಮಿಸ್ಟ್ರೆಸ್ ಮೇಡಂ ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿಸಿದ್ದರಂತೆ. ಹೊರಗಿನದು ಹೋಗಿತ್ತು. ನೆನೆದ ಗಂಧ ಒಳಕ್ಕೆ ಸರಿದು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು.

ಟಾರ್ಚು ಬಿಟ್ಟೆ. ಎರಡು ಕಿಂಡಿಯ ಒಳಮೂಲೆಯಲ್ಲೂ ಹಳದಿ ಮೆತ್ತಿತ್ತು. ಅವರೂ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ನಾನೇ ಕೆಡಿಸ್ದೆ ಅನ್ನಿ. ನನ್ ಕೈಯಾರೆ."

"ನೀವು ಹಚ್ಚಿದ್ರಿ, ನಾನು ನೋಡ್ಲಿಲ್ಲ. ಇಬ್ಬರದೂ ತಪ್ಪು ಸಾರ್. ನನ್ನದು ಜಾಸ್ತಿ, ನಾನು ಸಂಬಳ ತಗೊಳ್ಳೋದೇ ನೋಡೋದಕ್ಕೆ" ಎಂದೆ. ಆ ಮಾತು ಬಾಯಿಂದ ಹೊರಡಿಸಲು ನನಗೆ ಸುಲಭವಾಗಿರಲಿಲ್ಲ, ಆದರೆ ಹೇಳಿದ ಮೇಲೆ ಹಗುರವಾಯಿತು.

ಕರೆಂಟಿನ ತಂತಿ ಕೀಳಿಸಿದೆ. ಆಟದ ಕೋಣೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಸ್ಪಿರಿಟ್ಟು, ಹತ್ತಿ ತರಿಸಿದೆ. ತೆಂಗಿನ ಪೊರಕೆಯ ಎರಡು ಕಡ್ಡಿ ಮುರಿದು, ತುದಿಗೆ ಹತ್ತಿ ಸುತ್ತಿ, ಒಂದನ್ನು ಅವರ ಕೈಗೆ ಕೊಟ್ಟೆ. ಅವರು ಹಿಂದೆಗೆದರು.

"ಪೂಜೆ ಮಾಡಿದ್ದನ್ನ ಹಿಂಗೆ ಕೆರೀಬೌದಾ ಮೇಡಂ?"

"ಹಚ್ಚಿದೋರು ನೀವು, ತೆಗೆಯೋ ಹಕ್ಕೂ ನಿಮ್ಮದೇ. ನಾನು ತೆಗೆದ್ರೆ ಊರೋರು ಏನಂತಾರೋ ಏನೋ" ಎಂದೆ. ಆಗ ಮಾತ್ರ ಅವರು ನಕ್ಕರು. ತರೀಕೆರೆಯ ನಮ್ಮ ಅಂಗಡಿಯಲ್ಲೂ ಆಯುಧಪೂಜೆಗೆ ಪಕ್ಕದ ಸೈಕಲ್ ಶಾಪಿನವರು ಬಂದು ಅಬ್ಬಾ ಅವರ ಕರೆಂಟು ಅಳೆಯುವ ಮೀಟರಿಗೆ ಒಂದು ಚೆಂಡುಹೂವು ಇಟ್ಟು ಹೋಗುತ್ತಿದ್ದರು. ಅಬ್ಬಾ ಸಂಜೆಯವರೆಗೆ ಅದನ್ನು ತೆಗೆಯುತ್ತಿರಲಿಲ್ಲ. ಆದರೆ ಇಡುವಾಗ ಮಾತ್ರ ಮೀಟರಿನ ತೂತುಗಳಿಗೆ ಕೈ ಅಡ್ಡ ಹಿಡಿದಿರುತ್ತಿದ್ದರು. ಅದನ್ನು ಮೇಷ್ಟ್ರಿಗೆ ಹೇಳಿದೆ. "ನಿಮ್ ತಂದೆಯೋರು ಜಾಣ್ರು" ಎಂದರು.

ಅರ್ಧ ಗಂಟೆ ಕೆರೆದೆವು. ಚಕ್ಕೆ ಚಕ್ಕೆಯಾಗಿ ಗಂಧ ಉದುರಿತು. ಸ್ಪಿರಿಟ್ಟಿನ ಘಾಟಿನ ನಡುವೆಯೂ ಕೋಣೆಯೆಲ್ಲ ಘಮ್ಮೆಂದಿತು. ಒಂದು ಕಿಂಡಿಯ ಒಳಗಿನ ತಗಡು ತುಕ್ಕು ಹಿಡಿದು ಕೈಕೊಟ್ಟಿತ್ತು. ಇನ್ನೊಂದು ಒಣಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಕರೆಂಟು ಕೊಟ್ಟು, ಪೆನ್‌ಡ್ರೈವ್ ಚುಚ್ಚಿದೆ. ಪುಟ್ಟ ದೀಪ ಒಮ್ಮೆ ಮಿಟುಕಿತು, ಆರಿತು, ಆಮೇಲೆ ನಿಂತು ಉರಿಯಿತು. ಪಿ.ಟಿ. ಮೇಷ್ಟ್ರು ಅಂಗಿಯೊಳಗಿನಿಂದ ಸೀಟಿ ತೆಗೆದು, ಊದಬಾರದ ಜಾಗ ಎಂಬುದನ್ನೂ ಮರೆತು ಪೀ ಎಂದು ಊದಿಬಿಟ್ಟರು.

ಎಲ್ಲ ಪಾಠವನ್ನೂ ತುಂಬುವಷ್ಟು ಹೊತ್ತು ಉಳಿದಿರಲಿಲ್ಲ. ನಮ್ಮ ನಿಯಮದಂತೆ ಎಂಟನೇ ತರಗತಿಯಿಂದ ಕ್ರಮವಾಗಿ ತುಂಬಬೇಕು. ನಾನು ಕ್ರಮವನ್ನು ಪಕ್ಕಕ್ಕಿಟ್ಟು ಹತ್ತನೆಯ ಗಣಿತವನ್ನು, ಅದರಲ್ಲೂ ತ್ರಿಕೋನಮಿತಿಯನ್ನು ಮೊದಲು ಹಾಕಿದೆ. ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯುವುದನ್ನು ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು, ಓಟದ ಸ್ಪರ್ಧೆಯಲ್ಲಿ ತಮ್ಮ ಶಾಲೆಯ ಮಗುವನ್ನು ನೋಡುವಂತೆ. ನಾನು ಹೆಡ್‌ಮಿಸ್ಟ್ರೆಸ್ ಮೇಡಂ ಹತ್ತಿರ ಹೋಗಿ ಆ ಕಾಗದ ಕೊಡಿ ಎಂದೆ.

"ಸೀಲು ಹಾಕಾಯ್ತಲ್ಲಮ್ಮ."

"ತಪ್ಪು ಬರೆದಿದ್ದೆ ಮೇಡಂ. ಸರಿಯಾಗಿ ನೋಡಿರ್ಲಿಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿ ಕಾಗದ ಕೊಟ್ಟರು. ಎರಡೂ ಪ್ರತಿಗಳನ್ನು ಅಲ್ಲೇ ಹರಿದೆ. ಮತ್ತೆ ಕೋಣೆಗೆ ಬಂದಾಗ ಹಸಿರು ಪಟ್ಟಿ ತುಂಬಿತ್ತು. ಪಿ.ಟಿ. ಮೇಷ್ಟ್ರು ಮಕ್ಕಳ ಗಿಡ್ಡ ಸ್ಟೂಲಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಲಂಬಕೋನ ತ್ರಿಭುಜ ಬರೆದುಕೊಳ್ಳುತ್ತಿದ್ದರು. ನಾನು ಹೊರಡುತ್ತೇನೆ ಎಂದದ್ದು ಅವರಿಗೆ ಕೇಳಿಸಲಿಲ್ಲ. ಉಳಿದ ಪಾಠಗಳನ್ನು ಮರುದಿನ ಬಂದು ತುಂಬಿದೆ.

ಅಲ್ಲಿಗೆ ಮತ್ತೆ ಹೋದದ್ದು ಫೆಬ್ರವರಿಯಲ್ಲಿ. ಪಾಠಗಳನ್ನು ಯಾರು ಎಷ್ಟು ಬಳಸಿದ್ದಾರೆ ಎಂದು ಪ್ರತಿ ಶಾಲೆಯಿಂದ ಪಟ್ಟಿ ತೆಗೆದು ಒಪ್ಪಿಸಬೇಕಿತ್ತು. ಗಣಿತದ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದೆ. ಗೋಡೆಯಾಚೆ ಹತ್ತನೇ ತರಗತಿ. ಪಿ.ಟಿ. ಮೇಷ್ಟ್ರ ಮೈದಾನದ ಗಂಟಲು ಸ್ಪಷ್ಟವಾಗಿ ಕೇಳುತ್ತಿತ್ತು. "ವಾಲಿಬಾಲ್ ಕಂಬದ ನೆರಳು ನಿನ್ನೆ ನೀವೇ ಅಳೆದ್ರಲ್ಲ. ಈಗ ಕಂಬದ ಎತ್ತರ ಹೇಳ್ರಿ. ಕಂಬ ಹತ್ತಿ ಅಳೆಯಂಗಿಲ್ಲ ಕಣ್ರೋ." ಮಕ್ಕಳ ನಗು. ಸೀಮೆಸುಣ್ಣದ ಸದ್ದು ಶುರುವಾಯಿತು. ನಾನು ಕಿವಿಗೊಟ್ಟು ಕಾದೆ. ಅದು ಅರ್ಧಕ್ಕೆ ನಿಲ್ಲಲಿಲ್ಲ.

ಪಟ್ಟಿ ತೆರೆದೆ. ಹತ್ತನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು ಎಂದು ಹೆಡ್‌ಮಿಸ್ಟ್ರೆಸ್ ಮೇಡಂ ಆಗಲೇ ಹೇಳಿದ್ದರು. ಸರ್ವರ್‌ನಲ್ಲಿ ಮೂವತ್ತೆರಡು ವಿದ್ಯಾರ್ಥಿಗಳಿದ್ದರು. ಇಂಥ ತಪ್ಪು ಎಲ್ಲ ಶಾಲೆಯಲ್ಲೂ ಇರುತ್ತದೆ, ಒಂದೇ ಮಗುವನ್ನು ಎರಡು ಸಲ ಸೇರಿಸಿರುತ್ತಾರೆ. ಹೆಚ್ಚಿನದನ್ನು ಅಳಿಸಿಹಾಕುವುದು ನನಗೆ ಅಭ್ಯಾಸ. ಅಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟಿದ್ದೆ. ಆಮೇಲೆ ಅದನ್ನು ತೆಗೆದು, ಮೊದಲು ಆ ಸಾಲನ್ನು ತೆರೆದು ನೋಡಿದೆ.

ಕ್ರಮಸಂಖ್ಯೆ ಮೂವತ್ತೆರಡು. ಹೆಸರಿನ ಜಾಗದಲ್ಲಿ ಎರಡೇ ಅಕ್ಷರ: ಪಿ.ಟಿ. ತ್ರಿಕೋನಮಿತಿಯ ಮೊದಲ ಪಾಠವನ್ನು ಆ ವಿದ್ಯಾರ್ಥಿ ಹದಿನಾಲ್ಕು ಸಲ ನೋಡಿದ್ದ. ಪಾಠದ ಕೊನೆಯ ಪರೀಕ್ಷೆಯನ್ನು ಬರೆದು ಬರೆದು ಬರೆದಿದ್ದ. ಹತ್ತಕ್ಕೆ ಮೂರು. ಮತ್ತೆ ಮೂರು. ಐದು. ನಾಲ್ಕು. ಏಳು. ಕೊನೆಯ ಸಾಲಿನಲ್ಲಿ ಹತ್ತಕ್ಕೆ ಹತ್ತು. ಎಲ್ಲವೂ ಬೆಳಿಗ್ಗೆ, ಶಾಲೆಯ ಗಂಟೆ ಹೊಡೆಯುವುದಕ್ಕೆ ಮುಂಚೆ. ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಂಡು ಫಾರಂ ಎತ್ತಿಕೊಂಡೆ.

ಪ್ರಯೋಜನ ಪಡೆದ ವಿದ್ಯಾರ್ಥಿಗಳ ಸಂಖ್ಯೆ ಎಂಬಲ್ಲಿ ಮೂವತ್ತೆರಡು ಎಂದು ಬರೆದು ಸಹಿಗೆ ಒಯ್ದೆ. ಹೆಡ್‌ಮಿಸ್ಟ್ರೆಸ್ ಮೇಡಂ ಓದಿ ಪೆನ್ನು ನಿಲ್ಲಿಸಿದರು.

"ಮೂವತ್ತೊಂದಲ್ವೇನಮ್ಮ?"

"ಇಲ್ಲ ಮೇಡಂ. ಈ ಸಲ ಸರಿಯಾಗಿ ನೋಡೇ ಬರೆದಿದೀನಿ."

ಹತ್ತನೇ ತರಗತಿಯಿಂದ ಪಿ.ಟಿ. ಮೇಷ್ಟ್ರ ದನಿ ಅಲ್ಲಿಗೂ ಕೇಳುತ್ತಲೇ ಇತ್ತು. ಮೇಡಂ ಒಂದು ಗಳಿಗೆ ಅದನ್ನು ಆಲಿಸಿ, ಸಹಿ ಮಾಡಿ ಸೀಲು ಒತ್ತಿದರು.